ಕೋಡ್ ಏಳು

ನನ್ನ ಅರ್ಧ ಆಯುಷ್ಯ ಒಂದು ಪ್ರಶ್ನೆಯ ಹಿಂದೆ ಹೋಗಿದೆ. "ಕಳೆದ ಒಂದು ವರ್ಷದಲ್ಲಿ ನೀವು ಯಾವುದಾದರೂ ಕೆಲಸ ಮಾಡಿದ್ದೀರಾ?" ಎನ್ನುವುದು ಆ ಪ್ರಶ್ನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ನಮ್ಮ ಸಂಸ್ಥೆಯ ಗಣತಿದಾರರು ಮನೆಮನೆಗೆ ಹೋಗಿ ಅದನ್ನು ಕೇಳುತ್ತಾರೆ. ತೊಗರಿ ಹೊಲದಿಂದ ಈಗಷ್ಟೇ ಬಂದು, ಕಾಲಿಗೆ ಮೆತ್ತಿದ ಎರಿಮಣ್ಣು ಇನ್ನೂ ತೊಳೆಯದೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತ ಹೆಂಗಸು ಅದಕ್ಕೆ ಹೇಳುವ ಉತ್ತರ ಒಂದೇ. "ಇಲ್ರಿ. ನಾ ಮನ್ಯಾಗ ಇರ್ತೇನ್ರಿ." ಗಣತಿದಾರ ಟ್ಯಾಬಿನ ಮೇಲೆ ಏಳು ಎಂದು ಒತ್ತುತ್ತಾನೆ. ನಮ್ಮ ಕೋಡ್ ಪಟ್ಟಿಯಲ್ಲಿ ಏಳು ಎಂದರೆ ಮನೆವಾರ್ತೆ ಮಾತ್ರ, ಬೇರೆ ಏನೂ ಕೆಲಸವಿಲ್ಲ ಎಂದರ್ಥ.

ನಾನು ಕಲಿತದ್ದು ಅರ್ಥಶಾಸ್ತ್ರ, ಮಾಡುವುದು ಪ್ರಾದೇಶಿಕ ಆರ್ಥಿಕ ಸಂಶೋಧನೆ. ಹಾಗೆಂದರೆ ಏನು ಎಂದು ನಮ್ಮ ಅತ್ತೆಗೆ ಇವತ್ತಿಗೂ ತಿಳಿದಿಲ್ಲ. ತಿಳಿಸುವ ಹುರುಪು ನನಗೂ ಉಳಿದಿಲ್ಲ. ಗಣತಿದಾರರು ತುಂಬಿ ಕಳಿಸಿದ ಮಾಹಿತಿ ಸಂಜೆಯ ಹೊತ್ತಿಗೆ ನನ್ನ ಲ್ಯಾಪ್‌ಟಾಪಿಗೆ ಬಂದು ಬೀಳುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಮೊದಲು ಅದನ್ನು ಆರಿಸಬೇಕು. ಅಪ್ಪನಿಗಿಂತ ದೊಡ್ಡ ವಯಸ್ಸಿನ ಮಗ ಇರುತ್ತಾನೆ, ನೀರಿಲ್ಲದ ಹೊಲದಲ್ಲಿ ಕಬ್ಬು ಬೆಳೆದಿರುತ್ತದೆ. ಆರಿಸಿ ಮುಗಿದ ಮೇಲೆ ತಾಲ್ಲೂಕುವಾರು ಕೋಷ್ಟಕ ಮಾಡಬೇಕು. ಕೋಷ್ಟಕದ ಕೆಳಗೆ ನಾಲ್ಕು ಸಾಲು ವಿವರಣೆ ಬರೆದು, ಯೋಜನೆ ರೂಪಿಸುವವರ ಮೇಜಿಗೆ ಮುಟ್ಟಿಸಬೇಕು. ಎಲ್ಲಿ ಸಾಲಿ ಬೇಕು, ಎಲ್ಲಿ ಶೀತಲಗೃಹ ಬೇಕು ಎಂದು ಅವರು ಅದನ್ನು ನೋಡಿ ತೀರ್ಮಾನ ಮಾಡುತ್ತಾರೆ. ಮಾಡುತ್ತಾರೆ ಎಂದು ನಂಬಿಕೊಂಡೇ ನಾನು ಇಷ್ಟು ವರ್ಷ ಬದುಕಿದ್ದೇನೆ.

ಹೆಂಗಸಿಗೆ ನಾಲ್ಕು ಗೋಡೆ ಅನ್ನುತ್ತಾರೆ. ನನಗೆ ನಾಲ್ಕು ತಾಲ್ಲೂಕು. ಮೊದಮೊದಲು ಈ ಮಾತನ್ನು ನಗುತ್ತ ಹೇಳುತ್ತಿದ್ದೆ. ನೌಕರಿ ವರ್ಷವರ್ಷದ ಕರಾರಿನದು, ಪ್ರತಿ ಮಾರ್ಚಿಗೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವುದು. ಒಮ್ಮೆ ಬೇಸತ್ತು ಧಾರವಾಡದ ಒಂದು ಹುದ್ದೆಗೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದರು, ಚಹಾ ಕೊಟ್ಟರು, ಗೌರವದಿಂದ ಮಾತಾಡಿಸಿದರು. ಆಮೇಲೆ ಒಬ್ಬರು, "ನೀವು ಇಷ್ಟೂ ವರ್ಷ ಒಂದೇ ಸಮೀಕ್ಷೆ ಮಾಡಿದ್ದೀರಲ್ಲ, ಅವೇ ಪ್ರಶ್ನೆಗಳು, ಅವೇ ತಾಲ್ಲೂಕುಗಳು" ಎಂದರು. ಬಯ್ಯಲಿಲ್ಲ, ಇದ್ದದ್ದನ್ನು ಹೇಳಿದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ನನಗೊಂದು ವಿಷಯ ಸ್ಪಷ್ಟವಾಯಿತು. ಈ ನಾಲ್ಕು ತಾಲ್ಲೂಕುಗಳಷ್ಟು ಬೇರೆ ಏನೂ ನನಗೆ ಗೊತ್ತಿಲ್ಲ, ಇವುಗಳನ್ನು ದಾಟಿದರೆ ನನ್ನ ವಿದ್ಯೆಗೆ ಕಿಮ್ಮತ್ತಿಲ್ಲ. ಅವತ್ತಿನಿಂದ ಆ ಮಾತಿಗೆ ನಗುವುದನ್ನು ಬಿಟ್ಟೆ.

ನಮ್ಮ ಕ್ಷೇತ್ರದ ಮೇಲ್ವಿಚಾರಕರು ಆಲಮೇಲ ಕಡೆಯವರು, ತಲೆಮಾರುಗಳಿಂದ ಅಲ್ಲೇ ನೆಲೆಸಿದ ಮುಸ್ಲಿಂ ಮನೆತನ. ನನಗಿಂತ ಹಿರಿಯರು. ನಾನು ಅವರಿಗೆ ಚಾಚಾ ಅನ್ನುತ್ತೇನೆ, ಅವರು ನನಗೆ ಬಾಯಾರ, ಅಂದರೆ ಅಮ್ಮಾವ್ರು, ಅನ್ನುತ್ತಾರೆ. ಜೀಪಿನಲ್ಲಿ ಹೋಗುವಾಗ ಝಳಕಿಯಲ್ಲಿ ಚಹಾಕ್ಕೆ ನಿಲ್ಲಿಸುವುದು ಅವರ ಪದ್ಧತಿ. ಊರು ಇಂಡಿಯ ಕಡೆಗಿರಲಿ ಮುದ್ದೇಬಿಹಾಳದ ಕಡೆಗಿರಲಿ, ಅವರಿಗೆ ದಾರಿ ಝಳಕಿಯ ಮೇಲೆಯೇ ಹಾಯಬೇಕು ಎಂದು ನಾವು ಚಾಷ್ಟಿ ಮಾಡುತ್ತಿದ್ದೆವು. ಹೀಗೇ ಒಂದು ದಿನ ಚಹಾ ಕುಡಿಯುತ್ತ ಅವರು ಒಂದು ಮಾತು ಹೇಳಿದರು.

"ಬಾಯಾರ, ನಮ್ಮ ಹೆಣಮಕ್ಕಳು ಸುಮ್ಮ ಕುಂತೇನ್ರಿ ಅಂತಾರ. ನಾವು ಏಳು ಅಂತ ಬರಿತೇವಿ. ಇಷ್ಟು ವರ್ಷ ಬರದ್ರೂ ಒಬ್ಬಾಕಿನೂ ಎದ್ದಿಲ್ಲ ನೋಡ್ರಿ."

ನಕ್ಕು ನಕ್ಕು ನನ್ನ ಚಹಾ ಚೆಲ್ಲಿತು. ಸಂಖ್ಯೆಯ ಏಳೂ ಎದ್ದೇಳುವ ಏಳೂ ಒಂದೇ ಎನ್ನುವುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ದಿನಾ ನೂರು ಸಲ ಆ ಅಂಕಿಯನ್ನು ನೋಡುವವಳು ನಾನು. ಆಮೇಲೆ ಅದು ತಲೆಗೆ ಹತ್ತಿಬಿಟ್ಟಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಏಳು ಏಳು ಏಳು ಎಂದು ಸಾಲುಗಟ್ಟಿ ಇಳಿಯುವಾಗ ಯಾರೋ ನನ್ನನ್ನೇ ಎಬ್ಬಿಸುತ್ತಿರುವ ಹಾಗೆ ಅನಿಸತೊಡಗಿತು.

ತಪ್ಪು ಎಲ್ಲಿದೆ ಎಂದು ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮಲ್ಲಿ ಕೆಲಸ ಎಂದರೆ ನೌಕರಿ. "ಅಂವ ಕೆಲಸಕ್ಕ ಹತ್ಯಾನ" ಎಂದರೆ ಆಫೀಸೋ ಸಾಲಿಯೋ ಸಕ್ಕರೆ ಕಾರ್ಖಾನೆಯೋ ಒಂದು ಕಡೆ ಹಾಜರಿ ಹಾಕುತ್ತಾನೆ ಎಂದರ್ಥ. ಬೇರೆಯವರ ಹೊಲಕ್ಕೆ ಕೂಲಿಗೆ ಹೋದರೆ ಅದು ದಗದ. ತನ್ನ ಹೊಲದಲ್ಲಿ ಕಸ ತೆಗೆದರೆ, ದನಕ್ಕೆ ಮೇವು ತಂದರೆ, ಅಂಗಳದಲ್ಲಿ ಕೂತು ಕಾಳು ಹಸನು ಮಾಡಿದರೆ ಅದು ಬದುಕು. ಹೊಲದ ಬದುಕು, ಮನಿ ಬದುಕು. "ಬದುಕು ಮುಗಿಸಿ ಬರ್ತೇನಿ ತಡೀರಿ" ಎಂದು ಹೆಂಗಸು ಹೇಳಿದರೆ ಸಾಯಲು ಹೊರಟಿದ್ದಾಳೆ ಎಂದು ನಮ್ಮ ಕಡೆ ಯಾರೂ ಹೆದರುವುದಿಲ್ಲ, ಕೈಯಲ್ಲಿದ್ದದ್ದನ್ನು ಮುಗಿಸುತ್ತಿದ್ದಾಳೆ ಎಂದು ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಇಂಥ ಹೆಂಗಸಿಗೆ ಕೆಲಸ ಮಾಡಿದ್ದೀರಾ ಎಂದು ಕೇಳಿದರೆ ಅವಳು ಇಲ್ಲ ಎನ್ನುವುದು ಸುಳ್ಳಲ್ಲ. ಅವಳ ಮಾತಿನಲ್ಲಿ ಅದು ಪೂರ್ತಿ ನಿಜ.

ಇದು ನನ್ನ ಮನೆಯಲ್ಲಿಯೇ ದಿನಾ ಕಣ್ಣೆದುರು ನಡೆಯುತ್ತದೆ. ನಮ್ಮದು ಇಂಡಿಗೆ ಹತ್ತಿರದ ಊರು. ನನ್ನ ಗಂಡನಿಗೆ ಇಂಡಿಯಲ್ಲಿ ಡ್ರಿಪ್ ಪೈಪಿನ ಅಂಗಡಿ, ಮೈದುನನಿಗೆ ಲಿಂಬೆಯ ತೋಟ. ಸಂಸ್ಥೆಯವರು ಬಾಡಿಗೆ ಉಳಿಸಲು ಅರ್ಧ ಆಫೀಸು ಖಾಲಿ ಮಾಡಿದಾಗಿನಿಂದ ನಾನು ಮನೆಯ ಒಳಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತೇನೆ. ಕಿಟಕಿಯಿಂದ ಅಂಗಳ ಕಾಣುತ್ತದೆ. ಅಂಗಳದಲ್ಲಿ ಲಿಂಬೆಯ ರಾಶಿ. ಅದರ ಮುಂದೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬೆಳಗಿನಿಂದ ಸಂಜೆಯವರೆಗೆ ಕೂತು ಹಣ್ಣು ಬೇರೆ ಮಾಡುತ್ತಾಳೆ. ದಪ್ಪವು ಒಂದು ಕಡೆ, ಸಣ್ಣವು ಒಂದು ಕಡೆ, ಚುಕ್ಕೆ ಬಿದ್ದವು ಉಪ್ಪಿನಕಾಯಿಗೆ. ಒಡೆದ ಹಣ್ಣಿನ ಹುಳಿ ಬೆರಳಿನ ಬಿರುಕಿಗೆ ಇಳಿದಾಗ ಅವಳು ಬಾಯಿಂದ ಸ್ ಎಂದು ಉಸಿರೆಳೆದುಕೊಳ್ಳುವುದು ನನ್ನ ಕೋಣೆಗೆ ಕೇಳುತ್ತದೆ. ಸಂಜೆ ಗಾಡಿ ಬಂದು ಚೀಲ ಒಯ್ಯುತ್ತದೆ. ತೋಟದವನು ಮೈದುನ, ವ್ಯಾಪಾರದವನು ಮೈದುನ. ಅವಳು ಮನೆಯಲ್ಲಿ ಇರುವವಳು.

ಅಂಗಳದ ಕಂಬಕ್ಕೆ ತನ್ನ ಕೂಸನ್ನು ಕಟ್ಟಿರುತ್ತಿದ್ದಳು. ಓದುವವರು ಹೌಹಾರಬೇಡಿ, ನಮ್ಮ ಕಡೆ ಇದು ಹೊಸದಲ್ಲ. ಹಳೆಯ ಸೀರೆ ಹರಿದು, ಮೆತ್ತಗೆ ಹೊಸೆದು, ಒಂದು ತುದಿ ಕೂಸಿನ ನಡುವಿಗೆ, ಇನ್ನೊಂದು ತುದಿ ಕಂಬಕ್ಕೆ. ಅಂಗಳ ದಾಟಿದರೆ ರಸ್ತೆ, ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು. ಅಂಗನವಾಡಿಯಲ್ಲಿ ಮೂರು ತುಂಬುವವರೆಗೆ ಕೂಸನ್ನು ಕೂರಿಸಿಕೊಳ್ಳುವುದಿಲ್ಲ, ಇವನಿಗೆ ಎರಡೂ ತುಂಬಿರಲಿಲ್ಲ. ಒಮ್ಮೆ ನಾನು ಎದೆ ತಡೆಯದೆ ಬಿಚ್ಚಿ ಒಳಗೆ ಕರೆದುಕೊಂಡೆ. ಫೋನಿನಲ್ಲಿ ಮಾತಾಡುತ್ತ ಒಂದು ಕೋಷ್ಟಕ ತಿದ್ದುವಷ್ಟರಲ್ಲಿ ಅವನು ರಸ್ತೆಯ ಅಂಚಿನಲ್ಲಿದ್ದ. ನೆಗೆಣ್ಣಿ ಓಡಿ ಎತ್ತಿಕೊಂಡು ಬಂದಳು, ಮತ್ತೆ ಕಟ್ಟಿದಳು. ನನ್ನ ಮಗಳು ಸಣ್ಣವಳಿದ್ದಾಗ ನನ್ನ ತವರವ್ವ ಬಂದು ನಮ್ಮಲ್ಲೇ ನಿಂತಳು, ಅದಕ್ಕೇ ನನ್ನ ನೌಕರಿ ಉಳಿಯಿತು. ನೆಗೆಣ್ಣಿಗೆ ತಾಯಿಯಿಲ್ಲ. ಅತ್ತೆಗೆ ಮೊಣಕಾಲು ನೋವು, ಕೂಸಿನ ಹಿಂದೆ ಓಡಲಾರಳು. ಅವಳಿಗೆ ಆಗುತ್ತಿದ್ದದ್ದು ಒಂದೇ ಆಟ. ಕಟ್ಟೆಯ ಮೇಲೆ ಕೂತಲ್ಲಿಂದಲೇ "ಏಳ, ನನ ರಾಜಾ, ಏಳ" ಅನ್ನುತ್ತಿದ್ದಳು. ಕೂಸು ಎರಡೂ ಕೈ ನೆಲಕ್ಕೆ ಊರಿ, ಕುಂಡಿ ಮೇಲೆ ಮಾಡಿ, ಎದ್ದು ನಿಲ್ಲುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಆ ವರ್ಷವೇ ನಮ್ಮ ಸಂಸ್ಥೆಗೆ ಒಂದು ಸುದ್ದಿ ಬಂತು. ಮೂರು ತುಂಬದ ಕೂಸುಗಳನ್ನು ಹಗಲು ನೋಡಿಕೊಳ್ಳುವ ಮನೆಗಳನ್ನು ಹಳ್ಳಿಗಳಲ್ಲಿ ತೆರೆಯುತ್ತಾರೆ, ದುಡಿಯುವ ತಾಯಂದಿರು ಹೆಚ್ಚಿರುವ ಊರುಗಳಿಗೆ ಮೊದಲು ಕೊಡುತ್ತಾರೆ, ಯಾವ ಊರು ಎಂಬುದನ್ನು ನಮ್ಮ ಸಮೀಕ್ಷೆಯ ಅಂಕಿ ನೋಡಿ ಆರಿಸುತ್ತಾರೆ. ಓದಿದ ಕೂಡಲೇ ನಾನು ಅಂಗಳಕ್ಕೆ ಹೋಗಿ ನೆಗೆಣ್ಣಿಗೆ ಹೇಳಿದೆ.

"ಖರೇನ ಅಕ್ಕಾರ?" ಎಂದಳು. ಕೈ ಮಾತ್ರ ನಿಲ್ಲಿಸಲಿಲ್ಲ. "ಊರಾಗ ಬಂತಂದ್ರ ಇವನ ಬಿಚ್ಚಿ ಅಲ್ಲಿ ಕಳಿಸ್ತೇನ್ರಿ. ಬರೀ ಕಂಬ ನೋಡಿ ನೋಡಿ ನನ ಮಗ ಕಂಬದಂಗ ಆಗ್ಯಾನ."

ಅವಳು ಹೇಳಿದ್ದು ನಗೆಯ ಮಾತು. ನನಗೆ ನಗು ಬರಲಿಲ್ಲ. ನಮ್ಮೂರಿನ ಹಿಂದಿನ ಸುತ್ತಿನ ಮಾಹಿತಿ ನನ್ನ ಹತ್ತಿರವೇ ಇತ್ತು. ಹೆಂಗಸರ ಹೆಸರುಗಳ ಮುಂದೆ ಮೇಲಿಂದ ಕೆಳಗೆ ಏಳು. ನಮ್ಮೂರಿನಲ್ಲಿ ದುಡಿಯುವ ತಾಯಂದಿರೇ ಇಲ್ಲ.

ನಿರ್ದೇಶಕರ ಹತ್ತಿರ ಹೋಗಿ ಪ್ರಶ್ನೆ ಬದಲಿಸೋಣ ಎಂದೆ. ಅವರು ಸಜ್ಜನರು, ಯಾರ ಮಾತನ್ನೂ ಅರ್ಧಕ್ಕೆ ತುಂಡರಿಸುವವರಲ್ಲ. ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು.

"ಪ್ರಶ್ನೆ ಬದಲಾದ್ರ ಹಿಂದಿನ ಸುತ್ತಿನ ಜೋಡಿ ಹೋಲಿಕಿ ಕೆಡತೈತಿ. ಒಂದ ವರ್ಷದಾಗ ಹೆಣಮಕ್ಕಳೆಲ್ಲಾ ಎದ್ದು ಕೆಲಸಕ್ಕ ಹೊಂಟ್ರು ಅಂತ ವರದಿಯೊಳಗ ಬರಿಯೂದೇನು? ನೀವ ಹೇಳ್ರಿ."

ಈ ಪಾಠವನ್ನು ಹೊಸಬರಿಗೆ ಕಲಿಸುವವಳೇ ನಾನು. ಅಳತೆಗೋಲನ್ನು ನಡುವೆ ಬದಲಿಸಿದರೆ ಬಟ್ಟೆ ಬೆಳೆಯಿತೋ ಗೋಲು ಕುಗ್ಗಿತೋ ತಿಳಿಯುವುದಿಲ್ಲ ಎಂದು ಪ್ರತಿ ಸುತ್ತಿನ ತರಬೇತಿಯಲ್ಲಿ ಹೇಳುತ್ತೇನೆ. ಅವರು ಸರಿ. ನಾನೂ ಸರಿ. ಉತ್ತರ ಕೊಡುವ ಹೆಂಗಸೂ ಸರಿ. ಒಬ್ಬರಾದರೂ ತಪ್ಪಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಎಲ್ಲರೂ ಸರಿಯಿರುವ ಕಡೆ ಉಸಿರು ಕಟ್ಟುತ್ತದೆ.

ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಹಳೆಯ ಪ್ರಶ್ನೆ ಹಾಗೇ ಇರಲಿ, ಅದರ ಕೆಳಗೆ ಇನ್ನೊಂದು ಸೇರಿಸಿ ಬೆಂಗಳೂರಿನ ಸಮಿತಿಗೆ ಕಳಿಸೋಣ, ಅವರು ಒಪ್ಪಿದರೆ ಕೇಳೋಣ ಎಂದರು. ನಾನು ಮನೆಗೆ ಬಂದು ಆ ಒಂದು ಪ್ರಶ್ನೆಗಾಗಿ ದಿನಗಟ್ಟಲೆ ಒದ್ದಾಡಿದೆ. ದಗದ ಎಂದು ಬರೆದರೆ ಸಾಲದು. ಮುದ್ದೇಬಿಹಾಳದಲ್ಲಿ ಕೂಲಿಗೆ ಹೋಗುವವರು ಅದಕ್ಕೆ ಹೌದ್ರಿ ಅನ್ನುತ್ತಾರೆ, ನನ್ನ ನೆಗೆಣ್ಣಿಯಂಥವರು ಇಲ್ರಿ ಅನ್ನುತ್ತಾರೆ. ತನ್ನ ಅಂಗಳದಲ್ಲಿ ತನ್ನ ಲಿಂಬೆಯ ಮುಂದೆ ಕೂತವಳು ದಗದಕ್ಕೆ ಹೋದಳು ಎಂದರೆ ಅತ್ತೆಯ ಮುಂದೆ ಮಾನ ಹೋದ ಹಾಗೆ. ಎಲ್ಲರ ಬಾಯಲ್ಲೂ ಸಲೀಸಾಗಿ ಕೂರುವ ಮಾತು ಒಂದೇ ಇತ್ತು. ಚಾಚಾರಿಗೆ ಫೋನ್ ಮಾಡಿ ಓದಿ ಹೇಳಿದೆ. "ಹೊಲದ ಬದುಕು, ಮನೆಯ ಬದುಕು ಏನೇನು ಮಾಡುತ್ತೀರಿ?"

"ಇದು ಪ್ರಶ್ನಿ ನೋಡ್ರಿ ಬಾಯಾರ," ಎಂದರು ಚಾಚಾ. "ಇದಕ್ಕ ಯಾವಾಕಿನೂ ಇಲ್ಲ ಅನ್ನಂಗಿಲ್ಲ."

ಸಮಿತಿಯಿಂದ ಪ್ರಶ್ನಾವಳಿ ವಾಪಸು ಬಂತು. ನನ್ನ ಪ್ರಶ್ನೆಯ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಒಂದು ಟಿಪ್ಪಣಿ. "ಈ ಪ್ರಶ್ನೆ ಅರ್ಥವಾಗಲಿಲ್ಲ. ಬದುಕಿರುವವರನ್ನೇ ಅಲ್ಲವೇ ನಾವು ಪ್ರಶ್ನಿಸುವುದು? ದಯವಿಟ್ಟು ತೆಗೆದುಹಾಕಿ."

ಬರೆದವರು ಬೆಂಗಳೂರು ಕಡೆಯ ಕನ್ನಡಿಗರು, ಸಮಿತಿಯ ಭಾಷಾ ಪರಿಶೀಲಕರು. ಅವರ ಮೇಲೂ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ, ಅವರ ಕನ್ನಡದಲ್ಲಿ ಬದುಕು ಎಂದರೆ ಜೀವ ಹಿಡಿದುಕೊಂಡಿರುವುದು. ನಾನು ಬದುಕು ಪದದ ಪ್ರಾದೇಶಿಕ ಅರ್ಥ ಎಂದು ಉದ್ದನೆಯ ಪತ್ರ ಬರೆದೆ. ಮುಂದಿನ ಸುತ್ತಿನಲ್ಲಿ ಪರಿಗಣಿಸೋಣ ಎಂದು ಮರ್ಯಾದೆಯ ಉತ್ತರ ಬಂತು. ಟ್ಯಾಬುಗಳಿಗೆ ಪ್ರಶ್ನೆಗಳನ್ನು ತುಂಬುವ ದಿನ ಮೀರಿತ್ತು. ಚಾಚಾ ಸುದ್ದಿ ಕೇಳಿ, "ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಬಿಡ್ರಿ" ಎಂದು ಇನ್ನೊಂದು ಚಹಾ ಹೇಳಿದರು. ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಒಂದು ಪದಕ್ಕಾಗಿ ಅಳುವವಳನ್ನು ಕಂಡರೆ ಮನೆಯವರು ಏನೆಂದುಕೊಂಡಾರು ಎಂದು ಬೇಗ ಮುಖ ತೊಳೆದೆ.

ಸಮೀಕ್ಷೆಯ ಸುತ್ತು ಶುರುವಾಯಿತು. ಯಾವ ಊರು, ಯಾವ ಮನೆ ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಆರಿಸುತ್ತದೆ, ನಡುವೆ ಯಾರೂ ಕೈ ಹಾಕುವಂತಿಲ್ಲ. ಈ ಸಲವೂ ನಮ್ಮ ಊರು ಬಂತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಈ ಸಲ ಪಟ್ಟಿಯಲ್ಲಿ ನಮ್ಮ ಮನೆಯೂ ಇತ್ತು. ನಮ್ಮದನ್ನು ಬಿಟ್ಟು ಬೇರೆ ಮನೆ ಹಿಡಿಯಿರಿ ಎಂದು ಚಾಚಾರಿಗೆ ಹೇಳಿದೆ. "ನಿಯಮ ನೀವ ಕಲಿಸೀರಿ, ಬಿದ್ದ ಮನಿ ಬಿಡಂಗಿಲ್ಲ ಅಂತ" ಎಂದರು. ಒಳಗೊಳಗೆ ಆಸೆಯೂ ಇತ್ತೆನ್ನಿ. ಈ ಒಂದು ಮನೆಯಲ್ಲಾದರೂ ಇದ್ದದ್ದು ಇದ್ದ ಹಾಗೆ ದಾಖಲಾಗಲಿ ಎಂಬ ಆಸೆ.

ಬಂದವಳು ಬಸವನ ಬಾಗೇವಾಡಿ ಕಡೆಯ ಹುಡುಗಿ, ಗಣತಿಗೆ ಹೊಸದಾಗಿ ಸೇರಿದವಳು. ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದಳು. ಉತ್ತರ ಕೊಡುವವರ ಬಾಯಿಗೆ ಮಾತು ಹಾಕಬಾರದು, ಬೇರೆಯವರು ಹಾಕಲೂ ಬಿಡಬಾರದು, ಪ್ರಶ್ನೆಯನ್ನು ಇದ್ದ ಹಾಗೇ ಓದಬೇಕು. ಟ್ಯಾಬು ಇಡೀ ಮಾತುಕತೆಯ ದನಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಾರಾದರೂ ಹೇಳಿಕೊಟ್ಟ ಉತ್ತರವನ್ನೇ ಬರೆದುಕೊಂಡದ್ದು ಕೇಳಿಸಿದರೆ ಆ ಮನೆಯ ಮಾಹಿತಿ ರದ್ದು, ಎರಡು ಸಲ ಹಾಗಾದರೆ ಗಣತಿದಾರ ಮನೆಗೆ. ಆ ದನಿಗಳನ್ನು ಕೇಳಿ ರದ್ದು ಮಾಡುವುದು ನನ್ನದೇ ಕೆಲಸ. ನನ್ನನ್ನು ಕಂಡು ಅವಳು ಎದ್ದು ನಿಂತು ನಮಸ್ಕಾರ ಮಾಡಿದಳು. ಅವಳದು ಆಗಲೇ ಒಂದು ಮನೆ ರದ್ದಾಗಿತ್ತು. ಮಾಡಿದವಳು ನಾನೇ.

ಮಧ್ಯಾಹ್ನದ ಬಿಸಿಲು. ಅತ್ತೆ ಕಟ್ಟೆಯ ಮೇಲೆ, ಮಡಿಲಲ್ಲಿ ಒಂದು ಬಿದಿರಿನ ಪುಟ್ಟಿ, ಚುಕ್ಕೆ ಬಿದ್ದ ಹಣ್ಣು ಆರಿಸುತ್ತಿದ್ದಳು. ನೆಗೆಣ್ಣಿ ರಾಶಿಯ ಮುಂದೆ. ಕೂಸು ಕಂಬದ ಬುಡದಲ್ಲಿ. ನಾನು ಬಾಗಿಲಲ್ಲಿ ನಿಂತೆ. ಹುಡುಗಿ ಟ್ಯಾಬು ತೆರೆದು, ಗಂಡಸರದು ಮುಗಿಸಿ, ಅತ್ತೆಯ ಕಡೆ ತಿರುಗಿ ಪುಸ್ತಕದ ಕನ್ನಡದಲ್ಲಿ ಆ ಪ್ರಶ್ನೆ ಓದಿದಳು.

"ನನಗೇನ ಕೇಳ್ತಿ ತಂಗಿ," ಎಂದಳು ಅತ್ತೆ, ಪುಟ್ಟಿಯಿಂದ ಕೈ ತೆಗೆಯದೆ. "ಮುದುಕಿ ಆಗೇನಿ. ಏನ ಕೆಲಸ ಮಾಡ್ಲಿ. ಕುಂತೇನಿ."

"ಏಳು," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹುಡುಗಿ ಒತ್ತಿದಳು.

ಕೂಸು ತಲೆ ಎತ್ತಿತು. ಎರಡೂ ಕೈ ನೆಲಕ್ಕೆ ಊರಿ, ಕುಂಡಿ ಮೇಲೆ ಮಾಡಿ, ಎದ್ದು ನಿಂತಿತು. ಎಲ್ಲರೂ ನಕ್ಕರು. ಅತ್ತೆಯಂತೂ ಕಣ್ಣೀರು ಬರುವ ಹಾಗೆ ನಕ್ಕಳು. ಹುಡುಗಿಗೆ ಏನೆಂದು ತಿಳಿಯದಿದ್ದರೂ ನಕ್ಕಳು. ನಾನೂ ನಕ್ಕೆ.

ಆಮೇಲೆ ನನ್ನ ಸರದಿ. ನನಗಿಂತ ಮೊದಲು ಅತ್ತೆ ಬಾಯಿ ಹಾಕಿದಳು. "ಅಕಿನೂ ಮನ್ಯಾಗ ಇರ್ತಾಳವಾ. ದಿನಪೂರ್ತಿ ಆ ಡಬ್ಬಿ ಮುಂದ ಕುಂತಿರ್ತಾಳ." ಅದರಲ್ಲಿ ಕುಹಕ ಇರಲಿಲ್ಲ. ಕಂಡದ್ದನ್ನು ಹೇಳಿದಳು. ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿ, "ಮೇಡಂ, ನಿಮ್ದು ನೀವ ಹೇಳ್ರಿ" ಎಂದಳು. ಹೇಳಿದೆ. ಸಂಬಳದ ಕೆಲಸ, ಇಂಥ ಹುದ್ದೆ, ಇಂಥ ಕರಾರು. ನನಗೆ ಬೇರೆ ಕೋಡ್ ಸಿಕ್ಕಿತು. ಕೂತು ಮಾಡುವ ಕೆಲಸವೇ ನನ್ನದೂ, ನೆಗೆಣ್ಣಿಯದೂ. ಪದ ಗೊತ್ತಿದ್ದವಳು ಪಾರಾದೆ. ಸಂತೋಷವಾಗಲಿಲ್ಲ, ನಾಚಿಕೆಯಾಯಿತು.

ಹುಡುಗಿ ನೆಗೆಣ್ಣಿಯ ಕಡೆ ತಿರುಗಿದಳು. "ಕಳೆದ ಒಂದು ವರ್ಷದಲ್ಲಿ ನೀವು ಯಾವುದಾದರೂ ಕೆಲಸ ಮಾಡಿದ್ದೀರಾ?"

ನೆಗೆಣ್ಣಿಯ ಎರಡೂ ಕೈಯಲ್ಲಿ ಲಿಂಬೆಹಣ್ಣು. ಬಲಗೈಯ ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದಳು. ಅವಳು ಪ್ರಶ್ನೆ ಕೇಳಿ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಬದುಕು ಅನ್ನು, ಲಿಂಬೆ ಅನ್ನು, ಏನಾದರೂ ಅನ್ನು. ಹುಡುಗಿಯ ಕೈಯಲ್ಲಿ ಟ್ಯಾಬಿನ ಸಣ್ಣ ಕೆಂಪು ಚುಕ್ಕೆ ಮಿನುಗುತ್ತಿತ್ತು. ನಾನು ತುಟಿ ಬಿಚ್ಚಿದರೆ ಈ ಮನೆ ರದ್ದು, ಹುಡುಗಿಯ ಹೊಟ್ಟೆಪಾಡೂ ರದ್ದು, ನೆಗೆಣ್ಣಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಬಿಚ್ಚದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತೆ. ನನ್ನ ಮನೆಯ ಅಂಗಳದಲ್ಲಿ, ನಾನೇ ಕಲಿಸಿದ ನಿಯಮಕ್ಕೆ ಸಿಕ್ಕಿಬಿದ್ದು, ಮೂಗಿಯ ಹಾಗೆ.

"ಇಲ್ರಿ," ಎಂದಳು ನೆಗೆಣ್ಣಿ. "ನಂದೇನೈತ್ರಿ. ಕೂಸಿನ ನೋಡ್ಕೊಂಡು ಮನ್ಯಾಗ ಇರ್ತೇನ್ರಿ."

"ಏಳು."

ಕೂಸು ಮತ್ತೆ ಎದ್ದು ನಿಂತಿತು. ಈ ಸಲ ಬರೀ ನಿಲ್ಲಲಿಲ್ಲ. ಹಿಂದಿನ ಸಲದ ನಗು ನೆನಪಿತ್ತೋ ಏನೋ, ಎಲ್ಲರ ಮುಖ ನೋಡಿ, ಕೈ ಮುಂದೆ ಚಾಚಿ ತಾಯಿಯ ಕಡೆ ಹೆಜ್ಜೆ ಹಾಕಿತು. ಸೀರೆಯ ಚೂರು ಬಿಗಿಯಿತು. ಅಲ್ಲೇ ಕೂತುಬಿಟ್ಟಿತು. ಅಳಲಿಲ್ಲ, ಅದಕ್ಕೆ ರೂಢಿಯಾಗಿತ್ತು. ಹುಡುಗಿ ಮುಂದಿನ ಪ್ರಶ್ನೆಗೆ ಹೋದಳು, ಮನೆಗೆ ನೀರಿನ ನಳ ಇದೆಯೇ ಎಂದು.

ಕೂಸಿನ ಮನೆಗಳು ಯಾವ ಊರಿಗೆ ಎಂಬ ಕೋಷ್ಟಕವನ್ನು ಮಾಡಿದವಳು ನಾನೇ. ಕಸ ತೆಗೆದು, ಎರಡೆರಡು ಸಲ ತಾಳೆ ನೋಡಿ, ನಮ್ಮ ಸಾಲಿನಲ್ಲಿ ಏನೂ ತಪ್ಪಿಲ್ಲ ಎಂದು ಖಾತ್ರಿ ಮಾಡಿ ಕಳಿಸಿದೆ. ಅಡಿಟಿಪ್ಪಣಿಯಲ್ಲಿ ಈ ಭಾಗದ ಹೆಂಗಸರ ಉತ್ತರಗಳನ್ನು ಎಚ್ಚರಿಕೆಯಿಂದ ಅರ್ಥೈಸಬೇಕು ಎಂದು ಬರೆದೆ. ಅಡಿಟಿಪ್ಪಣಿಗಳನ್ನು ಯಾರು ಓದುತ್ತಾರೆ ಎಂಬುದು ನನಗೆ ಗೊತ್ತು, ನಾನೂ ಬೇರೆಯವರದನ್ನು ಓದುವುದಿಲ್ಲ. ಮನೆಗಳು ಬೇರೆ ಊರುಗಳಿಗೆ ಹೋದವು. ಹೋದ ಕಡೆ ಕೂಸುಗಳಿಗೆ ಒಳ್ಳೆಯದೇ ಆಗಿರಬೇಕು.

ಸುದ್ದಿಯನ್ನು ನೆಗೆಣ್ಣಿಗೆ ನಾನೇ ಹೇಳಬೇಕಾಯಿತು. ಅವಳಿಗೆ ಬೇಸರವಾಗಬಹುದು, ನನ್ನ ಮೇಲೆ ಸಿಟ್ಟು ಬರಬಹುದು ಎಂದು ಸಿದ್ಧಳಾಗಿ ಹೋಗಿದ್ದೆ. ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

"ಅಯ್ಯ, ಬಿಡ್ರಿ ಅಕ್ಕಾರ," ಎಂದಳು ಅವಳು, ಒಂದು ಹಣ್ಣನ್ನು ತಿರುಗಿಸಿ ನೋಡಿ ದಪ್ಪ ಹಣ್ಣಿನ ಗುಡ್ಡೆಗೆ ಹಾಕುತ್ತ. "ದುಡಿಯೋರಿಗಿ ಕೊಡೂದದು. ನಾವೇನ್ ಕೆಲಸಕ್ಕ ಹೋಗ್ತೇವೇನ್ರಿ."

ಮುಂದಿನ ಸುತ್ತಿನ ಪ್ರಶ್ನಾವಳಿ ಮೊನ್ನೆ ಬಂದಿದೆ. ಹೋಲಿಕೆ ಕೆಡಬಾರದೆಂದು ಪ್ರಶ್ನೆ ಹಾಗೇ ಇದೆ, ನನ್ನದು ಸೇರಿಲ್ಲ. ನನ್ನ ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದಾರೆ. ಬದುಕಿನ ಬಗ್ಗೆ ಮತ್ತೆ ಒಂದು ಪತ್ರ ಬರೆದಿದ್ದೇನೆ. ಕೂಸಿಗೆ ಮೂರು ತುಂಬಿತು, ಈಗ ಅಂಗನವಾಡಿಗೆ ಹೋಗುತ್ತಾನೆ. ಹೋಗುವಾಗ ಕಿಟಕಿಯ ಹತ್ತಿರ ನಿಂತು ನನಗೆ ಟಾಟಾ ಮಾಡುತ್ತಾನೆ. ಕಂಬಕ್ಕೆ ಕಟ್ಟಿದ ಸೀರೆಯ ಚೂರನ್ನು ಬಿಚ್ಚಲು ಹೋದರೆ ನೆಗೆಣ್ಣಿ, ಇರಲಿ ಬಿಡ್ರಿ ಎಂದಳು. ಅವಳು ಮತ್ತೆ ಬಸುರಿ, ಈಗ ಏಳರಲ್ಲಿ ಬಿದ್ದಿದೆ.